ಪಟೇಲಪ್ಪನೂ ಪ್ಲಾಸ್ಟಿಕ್ ಟಬ್ಬೂ

ಹೊಸದಾಗಿ ಬಂದದ್ದನ್ನು ಕೆಲವು ದಿನ ಬೇರೆ ಇಡಿ ಎಂದು ನಾನು ಹೇಳುವುದು, ಕೇಳಿದವರು ತಲೆಯಾಡಿಸಿ ತಮಗೆ ತೋಚಿದ್ದನ್ನು ಮಾಡುವುದು, ಆಮೇಲೆ ಎಲ್ಲರೂ ಸೇರಿ ನನ್ನ ಮುಖ ನೋಡುವುದು, ಇದು ಇವತ್ತಿಗೂ ನಿಂತಿಲ್ಲ.

ನಾನು ಬಸರಾಳು ಕಡೆ ದನದ ಡಾಕ್ಟರು. ಮನೆ ಮಂಡ್ಯದಲ್ಲಿ. ನಡುಮನೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನುಗಳು. ಅವುಗಳಿಗೆಲ್ಲ ಹಿರಿಯ ಒಂದು ಗೋಲ್ಡ್ ಫಿಶ್. ಮೊದಲು ಹೊಟ್ಟೆ ಬರುತ್ತಿತ್ತು, ಹಿಂದಿನಿಂದ ಮೀನು. ಪೂರಿಗಾಲಿಯಿಂದ ನಮ್ಮ ಜೊತೆ ಇರಲು ಬಂದ ಅವ್ವ ಅದನ್ನು ನೋಡಿದವಳೇ ಪಟೇಲಪ್ಪ ಎಂದು ಹೆಸರಿಟ್ಟಳು. ಊರಿನಲ್ಲಿ ಪಟೇಲರ ಜಗುಲಿಯ ಕೆಳಗೆ ನಿಂತು ಮಾತಾಡಿ ಅಭ್ಯಾಸವಾಗಿದ್ದವಳು, ಇಲ್ಲಿ ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕುಳಿತು, "ಏನ್ಲಾ ಪಟೇಲ, ಉಂಡ್ಯಾ?" ಎಂದು ಕೇಳುತ್ತಿದ್ದಳು. ಅವನು ಬಾಯಿ ಆಡಿಸುತ್ತಾ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದ.

ಅವ್ವನಿಗೆ ಪೇಟೆ ಮನೆ ಹಿಡಿಸಿರಲಿಲ್ಲ. ಆಗಾಗ ಬಟ್ಟೆ ಗಂಟು ಕಟ್ಟಿ ಊರಿಗೆ ಹೊರಟು ನಿಲ್ಲುತ್ತಿದ್ದಳು. ಪಟೇಲಪ್ಪನ ಪರಿಚಯವಾದ ಮೇಲೆ ಗಂಟು ಕಟ್ಟುವುದು ನಿಂತಿತು. ಅವನಿರುವವರೆಗೆ ಅವ್ವ ಇರುತ್ತಾಳೆ ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಹಾಗಾಗಿ ನಮ್ಮ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಪರವಾಗಿಲ್ಲ, ಆ ಮೀನಿಗೆ ಮಾತ್ರ ಏನೂ ಆಗಬಾರದಿತ್ತು.

ಅಣ್ಣನ ಕೊಟ್ಟಿಗೆ

ಮೊದಲು ನನ್ನ ಕಸುಬಿನದೇ ಒಂದು ಹೇಳಿಬಿಡುತ್ತೇನೆ. ಬಸರಾಳಿನ ಹತ್ತಿರದ ರೈತರೊಬ್ಬರು ಸಂತೆಯಿಂದ ಹೊಸ ಹಸು ತಂದರು. ಕಾಲುಬಾಯಿ ಜ್ವರದ ಕಾಲ. "ಅದನ್ನ ನಿಮ್ಮ ದನಗಳ ಜೊತೆ ಕಟ್ಟಬೇಡಿ, ಸ್ವಲ್ಪ ದಿನ ಬೇರೆ ಕಡೆ ಕಟ್ಟಿ" ಎಂದೆ. "ಆಯ್ತು ಸಾ, ನೀವ್ ಯೋಳ್ದಂಗೇ" ಎಂದರು.

ನನ್ನ ಮಾತನ್ನು ಇಷ್ಟು ಗೌರವದಿಂದ ಕೇಳುವವರೂ ಇದ್ದಾರಲ್ಲ ಎಂದು ಖುಷಿಯಾಗಿ, ಆ ದಾರಿಯಲ್ಲಿ ಹೋದಾಗ ಇಳಿದು ನೋಡಿದೆ. ಅವರ ಕೊಟ್ಟಿಗೆಯಲ್ಲಿ ಹೊಸ ಹಸು ಇರಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ, ಬೇರೆ ನಾಲ್ಕಾರು ದನಗಳ ನಡುವೆ ಹಾಯಾಗಿ ಮೆಲುಕು ಹಾಕುತ್ತಿತ್ತು.

"ಇದ್ಯಾರ ಕೊಟ್ಟಿಗೆ?"

"ನಮ್ಮಣ್ಣನ್ದು ಸಾ. ಭಾಗ ಆದ್ಮೇಲೆ ಅವನ್ಗೂ ನಮ್ಗೂ ಮಾತಿಲ್ಲ."

"ಮಾತಿಲ್ಲ ಅಂದಮೇಲೆ ಕಟ್ಟೋಕೆ ಹೇಗೆ ಬಿಟ್ಟ?"

"ನೀವೇ ಯೋಳಿದ್ದು ಅಂದೆ. ಡಾಕ್ಟ್ರ ಮಾತು ತಗ್ದಾಕಕ್ಕಾಯ್ತದಾ ಅಂತ ಸುಮ್ನಾದ."

ಜ್ವರ ಅಣ್ಣನ ದನಗಳಿಗೆ ಬಂತು. ನನ್ನ ಹೆಸರಿನಲ್ಲೇ ಬಂತು ಅನ್ನುವುದು ಈಗಲೂ ಚುಚ್ಚುತ್ತದೆ. ಔಷಧಿ ಕೊಡಲು ಹೋದಾಗ ಅಣ್ಣ ಬಾಗಿಲಲ್ಲೇ ತಡೆದು ಕೇಳಿದ: "ಈಗ ಇವ್ನೆಲ್ಲಾ ನನ್ ತಮ್ಮನ ಕೊಟ್ಗೇಲಿ ಕಟ್ಬೇಕಾ ಸಾ?"

ಮಾವನ ಸ್ನಾನ

ಮನೆಯಲ್ಲಿಯಾದರೂ ನನ್ನ ಮಾತು ನಡೆಯಲಿ ಎಂದು, ಹೊಸ ಮೀನು ತಂದರೆ ನೇರವಾಗಿ ತೊಟ್ಟಿಗೆ ಬಿಡದೆ ಬೇರೆ ನೀರಿನಲ್ಲಿ ಇಟ್ಟು ನೋಡುವ ಪದ್ಧತಿ ಮಾಡಿದೆ. ಅಂಗಡಿಯಿಂದ ಬರುವ ಮೀನು ಮೇಲೆ ಚೆನ್ನಾಗಿದ್ದರೂ ಒಳಗೆ ರೋಗ ಹೊತ್ತಿರಬಹುದು. ಮೊದಲ ಸಲ ಪುಟ್ಟ ಮೀನುಗಳನ್ನು ತಂದಾಗ ಬಚ್ಚಲುಮನೆಯ ನೀಲಿ ಡ್ರಮ್ಮಿಗೆ ಬಿಟ್ಟೆ.

ಮಾರನೆಯ ಬೆಳಿಗ್ಗೆ ಕೊತ್ತತ್ತಿಯಿಂದ ಮಾವ ಬಂದರು. ಮಳವಳ್ಳಿಯಲ್ಲಿ ಮದುವೆ, ಮುಹೂರ್ತಕ್ಕೆ ಹೊತ್ತಾಗಿದೆ. ಯಾರು ಏನು ಹೇಳುವುದಕ್ಕೂ ಬಿಡದೆ ಟವಲ್ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗಿನಿಂದ ಬಾಗಿಲು ಬಡಿದೆ. ಅವರು ನನಗೂ ಅವಸರ ಎಂದು ತಿಳಿದು ಇನ್ನೂ ಜೋರಾಗಿ ಸುರಿದುಕೊಂಡರು.

ಅವರು ಹೊರಗೆ ಬಂದಾಗ ಡ್ರಮ್ಮಿನಲ್ಲಿ ಒಂದು ಮೀನೂ ಇರಲಿಲ್ಲ. ಎಲ್ಲ ಮೋರಿಯ ಪಾಲು. ನನಗೆ ಅಳುವೇ ಬಂತು. ಮಾವ ತಲೆ ಒರೆಸಿಕೊಳ್ಳುತ್ತಾ ಹೇಳಿದರು: "ಅಳೀಮಯ್ಯ, ನಮ್ ನಾಲೆ ನೀರ್ನ ಸುಮ್ನೆ ಒಗಳ್ತೀವಿ. ನಿಮ್ ನಲ್ಲಿ ನೀರೇ ವಾಸಿ. ಮೈಮೇಲೆಲ್ಲಾ ಮೀನೇ ಆಡ್ತವೆ."

ಪಟೇಲಪ್ಪ ಜಾಗ ಬಿಟ್ಟದ್ದು

ಇನ್ನೊಂದು ಸಲ ಮದ್ದೂರಿನ ಅಂಗಡಿಯಿಂದ ಕಪ್ಪು ಮೋಲಿ ಮೀನುಗಳನ್ನು ತಂದೆ. ಬಚ್ಚಲಿನ ಪಾಠ ಕಲಿತಿದ್ದರಿಂದ ಜಗುಲಿಯಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು ಅದರಲ್ಲಿ ಬಿಟ್ಟೆ. ಅವಕ್ಕೆ ಬೇರೆ ಬಲೆ, ಬೇರೆ ಜಗ್ಗು. ಇದರದು ಅದಕ್ಕೆ ಮುಟ್ಟಿಸಬಾರದು ಎಂದು ಮನೆಯವರಿಗೆಲ್ಲ ಹೇಳಿದೆ. ಅವ್ವ ಬಂದು ಬಗ್ಗಿ ನೋಡಿದಳು.

"ಇವುಕ್ಕೆ ಯಾಕ್ಲಾ ಬ್ಯಾರೆ ಜಗ್ಗು?"

"ಹೊಸವು ಕಣವ್ವ. ಒಂದಷ್ಟು ದಿನ ಆಚೆ ಇರ್ಲಿ."

"ಕರ್ರಗವೆ ಅಂತ್ಲಾ?"

"ಬಣ್ಣಕ್ಕಲ್ಲ ಕಣವ್ವ. ಕಾಯ್ಲೆ ಇರಬೌದು, ಒಳಗಿರೋವ್ಕೆ ಅಂಟ್ತದೆ."

"ಆವಾಗ್ಲೂ ಇಂಗೇ ಅಂತಿದ್ರು" ಎಂದಳು.

ಅವ್ವ ಚಿಕ್ಕವಳಿದ್ದಾಗ ಊರಿನ ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಲೋಟ. ಹೊರಗೇ ನಿಂತು ಕುಡಿದು, ತಾವೇ ತೊಳೆದು, ಸೂರಿಗೆ ಸಿಕ್ಕಿಸಿ ಬರಬೇಕು. ಇದನ್ನು ಅವಳು ನಮಗೆ ಕಥೆಯಂತೆ ಎಷ್ಟೋ ಸಲ ಹೇಳಿದ್ದಾಳೆ. ಐದು ವರ್ಷ ಪಶುವೈದ್ಯಕೀಯ ಓದಿದ ನಾನು, ಕೆಲಸಕ್ಕೆ ಹೊತ್ತಾಯಿತು ಎಂದು ಹೊರಟುಹೋದೆ.

ಸಂಜೆ ಬಂದರೆ ಟಬ್ ಬೋರಲು ಬಿದ್ದಿತ್ತು. ಕಪ್ಪು ಮೀನುಗಳು ನಡುಮನೆಯ ತೊಟ್ಟಿಯಲ್ಲಿ ಪಟೇಲಪ್ಪನ ಅಕ್ಕಪಕ್ಕ ಓಡಾಡುತ್ತಿದ್ದವು. ಒಮ್ಮೆ ಬೆರೆತ ಮೇಲೆ ತೆಗೆದರೂ ಉಪಯೋಗವಿಲ್ಲ. ಅವ್ವ ಮಾತ್ರ ಕುರ್ಚಿಯಲ್ಲಿ ಕುಳಿತು, ನಾನು ಅದುವರೆಗೆ ಅವಳ ಮುಖದಲ್ಲಿ ಕಾಣದಿದ್ದ ಒಂದು ನೆಮ್ಮದಿಯಲ್ಲಿ ಹೇಳಿದಳು:

"ಪಟೇಲಪ್ಪ ಏನೂ ಅನ್ನನಿಲ್ಲ ಕಣ್ಲಾ. ಜಾಗ ಬುಟ್ಟ."

ಉಪ್ಪು, ಬಿಸಿನೀರು

ಕೆಲವೇ ದಿನಗಳಲ್ಲಿ ಪಟೇಲಪ್ಪನ ಮೈಮೇಲೆ ರವೆ ಉದುರಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಊಟ ಬಿಟ್ಟ. ಗಾಜಿನ ಹತ್ತಿರ ಬರುವುದನ್ನು ಬಿಟ್ಟು ಮೂಲೆ ಹಿಡಿದ. ಅವ್ವ ಕರೆದಳು, ಬೈದಳು, ಬೇಡಿಕೊಂಡಳು. ಅವನು ತಿರುಗಿ ನೋಡಲಿಲ್ಲ.

ಈ ಚುಕ್ಕೆ ರೋಗಕ್ಕೆ ಉಪ್ಪುನೀರು ಮದ್ದು, ಆದರೆ ತೊಟ್ಟಿಗೆಲ್ಲ ಉಪ್ಪು ಹಾಕಿದರೆ ಒಳಗಿನ ನೀರುಗಿಡಗಳು ಸಾಯುತ್ತವೆ. ಹಾಗಾಗಿ ತೊಟ್ಟಿಗೆ ಬೇರೆ ಔಷಧಿ ಹಾಕಿ, ಹೆಚ್ಚು ನರಳುತ್ತಿದ್ದ ಪಟೇಲಪ್ಪನನ್ನು ಅದೇ ಟಬ್ಬಿಗೆ ತಂದು ಜಗುಲಿಯಲ್ಲಿಟ್ಟೆ. ಉಪ್ಪು ಕರಗಿಸಿದ ನೀರು ಸುರಿದೆ. ಚಳಿ ಬೇರೆ ಇತ್ತು, ನೀರು ಉಗುರುಬೆಚ್ಚಗಿರಲಿ ಎಂದು ಅಡುಗೆಮನೆಯಿಂದ ಬಿಸಿನೀರು ತಂದು ತಂದು ಬೆರೆಸಿದೆ. ಅವ್ವ ಕಣ್ಣು ಒರೆಸಿಕೊಳ್ಳುತ್ತಾ ಎಲ್ಲವನ್ನೂ ನೋಡುತ್ತಿದ್ದಳು.

"ಉಪ್ಪಾಕ್ದೆ, ಬಿಸಿನೀರಾಕ್ದೆ" ಎಂದಳು ಕೊನೆಗೆ. "ಇನ್ ಕಾರ ಅರೆಯಾದೊಂದ್ ಬಾಕಿ. ಬಾಯ್ಬುಟ್ ಯೋಳು, ನೀನ್ ಇವನ್ನ ಉಳುಸ್ತಿದ್ದೀಯೋ ಇಲ್ಲಾ ಸಾರ್ ಮಾಡ್ತಿದ್ದೀಯೋ?"

ಅವ್ವನ ತೀರ್ಪು

ಪಟೇಲಪ್ಪ ಜಗುಲಿಯಲ್ಲಿದ್ದಷ್ಟು ದಿನವೂ ಅವ್ವ ಒಳಗೆ ಕೂರಲಿಲ್ಲ. ಟಬ್ಬಿನ ಪಕ್ಕ ಮಣೆ ಹಾಕಿಕೊಂಡು ಅಲ್ಲೇ ಕಾಫಿ ಕುಡಿದಳು, ಅಲ್ಲೇ ಮುದ್ದೆ ಉಂಡಳು. "ಪಟೇಲ ಆಚೆ ಕೂತವ್ನೆ, ನಾನ್ ಒಳಗ್ ಕೂತ್ರೆ ಚೆಂದಾಗಿರಾಕಿಲ್ಲ" ಎಂದಳು. ನಗಬೇಕೆನಿಸಿತು, ಆಗಲಿಲ್ಲ.

ಒಂದು ಬೆಳಿಗ್ಗೆ ಅವನು ಮೇಲೆ ತೇಲುತ್ತಿದ್ದ.

ಅವ್ವನೇ ಎತ್ತಿ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಕೈ ತೊಳೆದು ಒಳಗೆ ಬಂದು ತೊಟ್ಟಿ ನೋಡಿದಳು. ರೋಗ ತಂದಿದ್ದ ಕಪ್ಪು ಮೀನುಗಳು ಒಂದೂ ಬಿಡದೆ ಗಟ್ಟಿಯಾಗಿದ್ದವು, ಚುರುಕಾಗಿ ಓಡಾಡುತ್ತಿದ್ದವು. ಇವತ್ತು ಅವ್ವ ಊರಿಗೆ ಹೊರಡುತ್ತಾಳೆ ಎಂದು ನನ್ನ ಹೆಂಡತಿ ನನ್ನತ್ತ ನೋಡಿದಳು. ನಿಜ ಹೇಳಿಬಿಡಲೇ ಎಂದು ನಾನು ಬಾಯಿ ತೆರೆದೆ. ಹೇಳಿದರೆ, ಅವಳು ಬದುಕಿನಲ್ಲಿ ಮೊದಲ ಸಲ ತನ್ನ ಕೈಯಾರೆ ಒಳಗೆ ಕರೆದುಕೊಂಡವರೇ ಪಟೇಲಪ್ಪನನ್ನು ಕೊಂದರು ಎಂದು ಹೇಳಿದ ಹಾಗೆ. ಬಾಯಿ ಮುಚ್ಚಿಕೊಂಡೆ.

ಅವ್ವನೇ ಮಾತಾಡಿದಳು. "ಒಳಗಿದ್ದವು ಬದ್ಕವೆ. ನೀನು ತಗ್ದು ಆಚ್ಗಾಕ್ದವ್ನು ಸತ್ತ. ಬ್ಯಾರೆ ಮಡುಗಿದ್ದಕ್ಕೇ ಕಣ್ಲಾ ಸತ್ತದ್ದು. ನೀನ್ ಓದ್ದೋನು, ಸುಳ್ಳಾದ್ರೆ ಸುಳ್ಳು ಅನ್ನು."

"ಸುಳ್ಳಲ್ಲ ಕಣವ್ವ" ಎಂದೆ.

ಅವಳು ಕುರ್ಚಿ ಎಳೆದು ತೊಟ್ಟಿಯ ಮುಂದೆ ಹಾಕಿ ಕುಳಿತಳು.

"ಇವತ್ತು ಊರ್ಗೋಗನಾ ಅಂದ್ಕಂಡಿದ್ದೆ. ಓಗಾಕಿಲ್ಲ. ದನದ್ ಡಾಕ್ಟ್ರ ಕೈಲಿ ಇವುಗಳ್ನ ಬುಟ್ಟೋದ್ರೆ ಉಳೀತವಾ?"