ಬಣ್ಣ ಕಳಚಿದ ಪುಟ

"ಮುಟ್ಬೇಡಿ ಅಣ್ಣ, ಆ ಮೌಸ್ ಮುಟ್ಬೇಡಿ" ಎನ್ನುತ್ತ ಅವನು ಔಷಧಿ ಕೌಂಟರಿನ ಗಾಜಿನ ಮೇಲೆ ಹೊಟ್ಟೆಯೂರಿ ಒಳಕ್ಕೆ ಜಾರಿದ.

ಔಷಧಿಯವನ ಬೆರಳು ಆಗಲೇ ರಿಫ್ರೆಶ್ ಕಡೆಗೆ ಹೊರಟಿತ್ತು. ಕಂಪ್ಯೂಟರಿಗೆ ಏನೇ ಕಾಯಿಲೆ ಬಂದರೂ ಆತನಿಗೆ ಗೊತ್ತಿದ್ದ ಮದ್ದು ಅದೊಂದೇ.

ಆ ಕಣ್ಣಿನ ಆಸ್ಪತ್ರೆಯ ವೆಬ್‌ಸೈಟಿಗೆ ರೂಪ ಕೊಡುವುದು ಹೀಗೆ ಜಾರಿಬಂದ ಹುಡುಗನ ಕೆಲಸ. ಬೆಳಿಗ್ಗೆ ಅದಕ್ಕೊಂದು ಹೊಸ ನೀಲಿ ಹಚ್ಚಲು ಹೋಗಿ, ಯಾವ ಅಕ್ಷರ ಎಷ್ಟು ದೊಡ್ಡದು, ಯಾವುದಕ್ಕೆ ಯಾವ ಬಣ್ಣ ಎಂದು ಹೇಳುವ ಫೈಲನ್ನೇ ಅಳಿಸಿಬಿಟ್ಟಿದ್ದ. ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಜನ ನೋಡುತ್ತಿರುವಾಗಲೇ ಸೈಟಿಗೆ ನೇರವಾಗಿ ಕೈ ಹಾಕುತ್ತಿದ್ದ. ಈಗ ಬಿಳಿ ಹಾಳೆಯ ಮೇಲೆ ಬರೀ ಕಪ್ಪು ಅಕ್ಷರಗಳು, ಟವೆಲ್ಲಿಲ್ಲದೆ ಬಚ್ಚಲಿಂದ ಓಡಿಬಂದವರ ಹಾಗೆ ನಿಂತಿದ್ದವು.

ಅವನ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂದು ಆಸ್ಪತ್ರೆ ನಡೆಸುವ ಡಾಕ್ಟರಮ್ಮ ಹೇಳಬೇಕಾಗಿದ್ದುದು ಅವತ್ತೇ ಸಂಜೆ.

ಹಳೆಯ ಪುಟ ನಿನ್ನೆಯಿಂದ ತೆರೆದೇ ಉಳಿದಿದ್ದುದು ಔಷಧಿಯವನ ಕಂಪ್ಯೂಟರಿನಲ್ಲಿ ಮಾತ್ರ. ಒಮ್ಮೆ ರಿಫ್ರೆಶ್ ಮಾಡಿದರೆ ಅದರ ಬಣ್ಣವೂ ಹೋದಂತೆಯೇ.

"ಸೈಟ್ ಕೆಟ್ಟಿದೆ ಅಂತಿದಾರೆ, ಒಂದ್ಸಲ ಒತ್ತಿ ನೋಡ್ತೀನಪ್ಪ. ನಮ್ಮನೇದು ಹೀಗೇ ಸರಿಹೋಯ್ತು."

"ನಿಮ್ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಅಕೌಂಟೆಂಟ್ ಬಂದು, ಸ್ವಿಚ್ ಆರಿಸಿ ಹಾಕಿದರೆ ಎಂಥದ್ದೂ ನೆಟ್ಟಗಾಗುತ್ತದೆ ಎಂದು ಗೋಡೆಯತ್ತ ಕೈ ಚಾಚಿದರು. ಅವನು ಸ್ವಿಚ್ಚಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಔಷಧಿಯವನನ್ನು ತಡೆದು, ಇನ್ನೊಂದರಲ್ಲಿ ಕೀಲಿಮಣೆ ಒತ್ತುತ್ತ, ಹಳೆಯ ರೂಪವನ್ನು ಚೂರುಚೂರಾಗಿ ಪೆನ್‌ಡ್ರೈವಿಗೆ ಇಳಿಸಿಕೊಂಡ. ಆಚೆ ರಿಸೆಪ್ಷನ್ನಿನ ಅಕ್ಕನ ಎರಡೂ ಕಿವಿಗೆ ಫೋನು. ಪ್ರತಿ ಕರೆಗೂ ಆಕೆ ಅವನತ್ತ ನೋಡಿ ತಲೆಯಾಡಿಸುತ್ತಿದ್ದಳು. ಊರಿಗೆ ಊರೇ ಬೈಯುತ್ತಿದೆ ಎಂದು ಅವನು ಅಂದುಕೊಂಡ.

ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಓಡಿದಾಗ ಡಾಕ್ಟರಮ್ಮ ತಮ್ಮ ಮೊಬೈಲಿನಲ್ಲಿ ಅದೇ ಬತ್ತಲೆ ಪುಟ ನೋಡುತ್ತಿದ್ದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ. ಕೈತಪ್ಪಿ."

"ಬೆಳಿಗ್ಗೆಯಿಂದ ಫೋನಿಗೆ ಬಿಡುವೇ ಇಲ್ಲ. ಕಣ್ಣಲ್ಲಿ ಪೊರೆ ಇರೋ ಅಜ್ಜಿಯಂದಿರೆಲ್ಲ ತಾವೇ ನಂಬರ್ ಓದಿ ಫೋನ್ ಮಾಡ್ತಿದಾರೆ. ಇಷ್ಟು ದಿನ ಆ ಪುಟದಲ್ಲಿ ಏನಾದ್ರೂ ಬರೆದಿದೆ ಅಂತಾನೇ ಗೊತ್ತಿರ್ಲಿಲ್ವಂತೆ."

ಸಾಸಿವೆ ಗಾತ್ರದ ಆ ಬೂದಿ ಬಣ್ಣದ ಅಕ್ಷರಗಳನ್ನು ವಾರವಿಡೀ ಕೂತು ಆರಿಸಿದವನು ಅವನೇ. ಆದರೂ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನ್ ಕೆಲಸ, ಮೇಡಂ?"

"ಅದೇ ಯೋಚಿಸ್ತಿದ್ದೆ. ಪುಟ ಇನ್ಮೇಲೆ ಹೀಗೇ ಇರುತ್ತೆ. ಬಣ್ಣ ಹಚ್ಚೋ ಕೆಲಸಾನೇ ಉಳೀಲಿಲ್ವಲ್ಲಪ್ಪ."

ಅವನು ಪೆನ್‌ಡ್ರೈವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಅವರತ್ತ ಸರಿಸಿದ.

"ಮೊದಲಿನ ಹಾಗೇ ಮಾಡ್ತೀನಿ ಮೇಡಂ, ಎರಡೇ ನಿಮಿಷ."

"ಬೇಡ."

"ಅಂಚಿಗಾದ್ರೂ ಒಂಚೂರು ನೀಲಿ?"

"ಬೇಡ" ಎಂದರು ಡಾಕ್ಟರಮ್ಮ.