ಕೊಕ್ಕೆಯಿಲ್ಲದ ಗಾಳ

ಉಮಾಕಾಂತ ಗಾಳ ಹಿಡಿದದ್ದು ಮೀನಿನ ಆಸೆಗಲ್ಲ, ಮಾತಿನ ಆಸೆಗೆ.

ಜುಲೈ ಬಂತೆಂದರೆ ಸ್ವೀಡನ್ನಿನ ಆಫೀಸುಗಳು ಸಂತೆ ಮುಗಿದ ಬಯಲಿನಂತಾಗುತ್ತವೆ. 2006ರ ಆ ಜುಲೈಯಲ್ಲಿ ಹೆಂಡತಿ ಶೋಭನಾ ಮಗಳೊಂದಿಗೆ ದಾವಣಗೆರೆಯ ತವರಿಗೆ ಹೋಗಿದ್ದಳು. ರಜೆ ಉಳಿದಿಲ್ಲದ ಉಮಾಕಾಂತ ಸುಂಡ್‌ಬೀಬರ್ಯ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಸಾರಿಗೆ ಒಗ್ಗರಣೆ ಹಾಕಿ, ಆ ಚಟಪಟವನ್ನೇ ಹರಟೆಯೆಂದುಕೊಂಡು ಉಣ್ಣುತ್ತಿದ್ದ. ಲಿಫ್ಟಿನಲ್ಲಿ ‘ಹೇಯ್’ ಎಂದರೆ ಪಕ್ಕದ ಮನೆಯವರು ‘ಹೇಯ್’ ಎಂದು ಬಾಗಿಲ ಕಡೆ ತಿರುಗುತ್ತಿದ್ದರು. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಹೀಗಿರುವಾಗ ಹತ್ತಿರದ ಕೆರೆಯ ದಂಡೆಯಲ್ಲಿ ಅವನೊಂದು ಅಚ್ಚರಿ ಕಂಡ. ಗಾಳ ಹಾಕಲು ಬಾರದೆ ಒದ್ದಾಡುತ್ತಿದ್ದವನೊಬ್ಬನಿಗೆ ದಾರಿಹೋಕರೆಲ್ಲ ನಿಂತು ಬುದ್ಧಿ ಹೇಳುತ್ತಿದ್ದರು! ಮರುದಿನವೇ ಉಮಾಕಾಂತ ಮೀನು ಹಿಡಿಯುವ ಪರವಾನಗಿ, ಕೋಲು, ಮೀನನ್ನು ಮರುಳುಮಾಡಲು ದಾರದ ತುದಿಗೆ ಕಟ್ಟುವ ಥಳಥಳಿಸುವ ತಗಡಿನ ಮೀನು ಎಲ್ಲ ಕೊಂಡು ತಂದ. ಆದರೆ ಅವನು ಬೆಳ್ಳುಳ್ಳಿಗೇ ಎರಡು ಸಲ ಯೋಚಿಸುವ ಮನೆಯವನು. ಗಣಪತಿ ಹಬ್ಬದಲ್ಲಿ ಇಲ್ಲಿನ ಕನ್ನಡದವರಿಗೆಲ್ಲ ಪೂಜೆ ಮಾಡಿಸುವವನೂ ಅವನೇ. ಕಟಿಂಗ್ ಪ್ಲೇಯರಿನಿಂದ ತಗಡಿನ ಮೀನಿನ ಕೊಕ್ಕೆಗಳನ್ನೆಲ್ಲ ಕತ್ತರಿಸಿ ಹಾಕಿದ. ಮೀನಿಗೆ ನೋವಿಲ್ಲ, ತನಗೆ ಪಾಪವಿಲ್ಲ.

ಅಂದಿನಿಂದ ಮೀನೊಂದೂ ಬೀಳಲಿಲ್ಲ. ಸಲಹೆ ಮಾತ್ರ ಧಾರಾಳವಾಗಿ ಬಿತ್ತು.

ಆ ಶನಿವಾರವೂ ನಿವೃತ್ತ ಬಸ್ ಡ್ರೈವರ್ ಬರ್ಟಿಲ್ ಮಡಚುವ ಸ್ಟೂಲು ಹಾಕಿಕೊಂಡು ಶುರುಮಾಡಿದ. ಅವನ ಇಂಗ್ಲಿಷು ಉಮಾಕಾಂತನ ಕಿವಿಗೆ ಬೀಳುವಷ್ಟರಲ್ಲಿ ತಾನಾಗಿ ಸೋದರಮಾವನ ಕನ್ನಡವಾಗಿಬಿಡುತ್ತಿತ್ತು.

“ನೀರು ಬೆಚ್ಚಗಾಗಿದೆ ಕಣಯ್ಯಾ. ಈ ಬಿಸಿಲಿಗೆ ಅಬ್ಬೊರೆ ಮೀನು ಮೇಲೆ ಬರಲ್ಲ, ತಳದಲ್ಲಿ ತಂಪಾಗಿ ಬಿದ್ದಿರುತ್ತೆ. ಆ ತಗಡು ತೆಗಿ, ರಬ್ಬರ್ ಹುಳ ಕಟ್ಟು. ನಿಧಾನಕ್ಕೆ ಎಳಿ.”

“ಅವನ ಮಾತು ಕಟ್ಕೊಂಡು ಕೆಟ್ಟೆ!” ನಾಯಿ ಹಿಡಿದು ಬಂದ ಗುನ್ನೆಲ್ ಅಜ್ಜಿ ಅಡ್ಡಬಾಯಿ ಹಾಕಿದಳು. “ಜೊಂಡಿನ ನೆರಳಿಗೆ ಹಾಕು.”

“ಜೊಂಡಲ್ಲಿ ಸಿಗೋದು ನಿನ್ನ ನಾಯಿ ಚೆಂಡು!”

ಇಬ್ಬರೂ ಮದುವೆಮನೆಯ ಅಡುಗೆಯವರಂತೆ ಕಿತ್ತಾಡತೊಡಗಿದರು. ಉಮಾಕಾಂತನಿಗೆ ಹಬ್ಬ.

ಅಷ್ಟರಲ್ಲಿ ವಾಕಿಂಗಿಗೆ ಬಂದ ಕನ್ನಡ ಕೂಟದ ಬದರಿನಾಥ, ಊರ್ಮಿಳಾ ದಂಪತಿ ಕಂಡರು.

“ಏನ್ರೀ ಉಮಾಕಾಂತ್! ಗಣಪತಿ ಕೂರಿಸೋ ಕೈಯಲ್ಲಿ ಗಾಳ?”

“ಶೋಭನಾ ಊರಿಗೆ ಹೋದ್ಲು ಅಂತ ಇಷ್ಟೆಲ್ಲಾ ಶುರುವಾಯ್ತಾ?” ಎಂದಳು ಊರ್ಮಿಳಾ.

ಉಮಾಕಾಂತ ಬೆವೆತುಹೋದ. ದಾರ ಸರಸರ ಸುತ್ತಿ ತಗಡಿನ ಮೀನನ್ನು ಅವರ ಮೂಗಿನ ಮುಂದೆ ಹಿಡಿದ. “ನೋಡಿ ಮೇಡಂ, ಕೊಕ್ಕೆನೇ ಇಲ್ಲ! ಬರೀ ಟೈಮ್‌ಪಾಸು.”

ಬದರಿನಾಥ ಹೊಟ್ಟೆ ಹಿಡಿದು ನಕ್ಕ. “ಒಳ್ಳೇ ಆಸಾಮಿ ಕಣ್ರೀ! ಸಂಜೆ ಮನೇಗೆ ಬನ್ನಿ, ಬಿಸಿಬೇಳೆಬಾತ್ ಇದೆ.”

ಗಂಡ ಹೆಂಡತಿ ಮುಂದೆ ನಡೆದರು. ಉಮಾಕಾಂತನಿಗೆ ಸ್ವರ್ಗ ಸಿಕ್ಕಿತು. ಆದರೆ ಆ ತಗಡನ್ನು ಬರ್ಟಿಲ್ಲನೂ ನೋಡಿಬಿಟ್ಟಿದ್ದ.

“ಅಯ್ಯೋ ಪಾಪ! ಅಂಗಡಿಯವನು ಕೊಕ್ಕೆನೇ ಇಲ್ಲದ್ದು ಕೊಟ್ಟಿದಾನೆ. ಹುಡುಗ ಬೇಸಗೆಯೆಲ್ಲ ಹೀಗೇ ನಿಂತಿದ್ನಲ್ಲೋ!” ಮುದುಕನ ಕಣ್ಣು ತುಂಬಿತು. ತನ್ನ ಪೆಟ್ಟಿಗೆಯಿಂದ ಹಸಿರು ರಬ್ಬರ್ ಹುಳ ತೆಗೆದು, ಕೊಕ್ಕೆ ಸಮೇತ ತಾನೇ ಕಟ್ಟಿ, ಉಮಾಕಾಂತನ ಕೈಹಿಡಿದು ಆಳಕ್ಕೆ ಎಸೆಯಿಸಿದ. ನಿಜ ಹೇಳಿದರೆ ಇಷ್ಟು ದಿನದ ಬುದ್ಧಿವಾದಕ್ಕೆ ಅವಮಾನ. ಉಮಾಕಾಂತ ಕೋಲು ಹಿಡಿದು ನಿಂತ.

ಕೋಲು ಕಾಲಿಗೆ ಬೀಳುವ ಹೊಸ ಅಳಿಯನಂತೆ ಬಾಗಿತು.

“ತಪ್ಪಿಸ್ಕೊಳ್ಳೋ ಮಾರಾಯಾ,” ಎಂದು ಬೇಡುತ್ತ ಉಮಾಕಾಂತ ದಾರ ಬಿಟ್ಟ, ಬಿಟ್ಟ.

“ಭೇಷ್! ಹೇಗೆ ಬಿಟ್ಟು ದಣಿಸ್ತಾನೆ ನೋಡು!” ಬರ್ಟಿಲ್ ಕುಣಿದ.

ದಣಿದ ಮೀನು ಬರ್ಟಿಲ್ಲನ ಕೈಬಲೆಗೆ ಬಂತು. ಮೊಳದುದ್ದದ, ಪಟ್ಟೆಪಟ್ಟೆಯ, ಕೆಂಪು ರೆಕ್ಕೆಯ ಅಬ್ಬೊರೆ. ಬರ್ಟಿಲ್ ಕೊಕ್ಕೆ ಬಿಡಿಸಿದ್ದೇ ತಡ, ಉಮಾಕಾಂತ ಅದನ್ನು ಎರಡೂ ಕೈಯಲ್ಲಿ ಎತ್ತಿ, ಗಣಪತಿ ಬಿಡುವಂತೆ ಮೆಲ್ಲಗೆ ನೀರಿಗೆ ಬಿಟ್ಟ.

ಬಿಟ್ಟದ್ದನ್ನಲ್ಲ, ಮೀನು ಎತ್ತಿದ್ದನ್ನಷ್ಟೇ ದಾರಿಯ ತಿರುವಿನಿಂದ ಕಂಡ ಊರ್ಮಿಳಾ ದುಪಟ್ಟಾ ಮೂಗಿಗೊತ್ತಿದಳು. ಬದರಿನಾಥ ಅಲ್ಲಿಂದಲೇ ಕೂಗಿದ: “ಉಮಾಕಾಂತ್, ಸಂಜೆ ನಮಗೆ ಎಲ್ಲೋ ಹೋಗೋದಿದೆ, ಮರ್ತೇಬಿಟ್ಟಿದ್ದೆ!”

ಹೋಗಲಿ, ಇವರಾದರೂ ಇದ್ದಾರಲ್ಲ ಎಂದು ಉಮಾಕಾಂತ ಬರ್ಟಿಲ್ಲನತ್ತ ತಿರುಗಿದ. “ಮುಂದಿನ ಶನಿವಾರ ಯಾವ ಹುಳ ಹಾಕ್ಲಿ?”

ಬರ್ಟಿಲ್ ಟೋಪಿ ತೆಗೆದ. ತುಟಿಯ ಮೇಲೆ ಬೆರಳಿಟ್ಟು, ಸ್ಟೂಲು ಮಡಚಿಕೊಂಡು ಆಚೆ ದಡದ ಕಡೆ ನಡೆದೇಬಿಟ್ಟ.

“ಏನಾಯ್ತು ಅವರಿಗೆ?”

ಗುನ್ನೆಲ್ ಅಜ್ಜಿ ಪಿಸುಗುಟ್ಟಿದಳು: “ತನ್ನ ಜಾಗಾನೇ ನಿನಗೆ ಬಿಟ್ಟುಕೊಟ್ಟ ಕಣೋ! ಅಷ್ಟು ದೊಡ್ಡ ಮೀನು ಹಿಡಿದು, ಬಿಟ್ಟೂಬಿಟ್ಟೆ. ಕಲಿಯೋರಿಗೆ ನಾವು ಬುದ್ಧಿ ಹೇಳ್ತೀವಿ. ನಿಜವಾದ ಮೀನುಗಾರನನ್ನ ಮಾತಾಡಿಸಿ ತೊಂದರೆ ಕೊಡಲ್ಲ. ಅದು ಇಲ್ಲಿನ ಮರ್ಯಾದೆ.” ನಾಯಿ ಎಲ್ಲಿ ಬೊಗಳೀತೋ ಎಂದು ಅದರ ಬಾಯನ್ನೂ ಹಿಡಿದುಕೊಂಡು ಹೋದಳು.

ಉಮಾಕಾಂತ ಮತ್ತೆ ಕೊಕ್ಕೆಯಿಲ್ಲದ ತಗಡನ್ನೇ ಕಟ್ಟಿ, ಬೇಕೆಂದೇ ಜೊಂಡಿಗೆ ಸಿಕ್ಕಿಸಿ, ಏನೂ ಬಾರದವನಂತೆ ಒದ್ದಾಡಿದ. ಹೊಸಬರಿಬ್ಬರು ದಾರಿಯಲ್ಲಿ ನಿಂತರು. ಒಬ್ಬ ಏನೋ ಹೇಳಲು ಬಾಯಿ ತೆರೆದ. ಉಮಾಕಾಂತನ ಮುಖ ಅರಳಿತು.

ಆಚೆ ದಡದಿಂದ ಬರ್ಟಿಲ್ ಗಾಬರಿಯಾಗಿ ಎರಡೂ ಕೈ ಬೀಸಿದ. ಹೊಸಬರು ಬಾಯಿ ಮುಚ್ಚಿ, ತುದಿಗಾಲಲ್ಲಿ ದಾಟಿಹೋದರು.