ಚಹಾದಲ್ಲಿ ಅದ್ದಿದ ಧೋತರ

ನಮ್ಮ ಕಾಕಾನಿಗೆ ಈ ಜಗತ್ತಿನಲ್ಲಿ ಇರುವ ಶತ್ರು ಒಂದೇ: ಬಿಳಿ ಬಣ್ಣ! ನಗಬೇಡಿ. ಇವತ್ತು ಬೆಳಿಗ್ಗೆಯೂ ನನ್ನ ಹೊಸ ಬಿಳಿ ಅಂಗಿ ನೋಡಿ, ಬೇವಿನ ಕಷಾಯ ಕುಡಿದವರ ಹಾಗೆ ಮುಖ ಸಿಂಡರಿಸಿದರು. "ಏ ತಮ್ಮಾ, ಅದನ್ನ ಮೊದಲ ಬಿಚ್ಚು. ಭಾಳ ಹೊಡ್ಯಾಕತ್ತದ!" ಎಂದರು. ನಮ್ಮ ಹುಮನಾಬಾದಿನಲ್ಲಿ ಬಿಸಿಲು ಹೊಡೆಯುತ್ತದೆ, ಒಂದು ಕಾಲಕ್ಕೆ ಮಾಸ್ತರರೂ ಹೊಡೆಯುತ್ತಿದ್ದರು. ಅಂಗಿಯೂ ಹೊಡೆಯುತ್ತದೆ ಎಂದು ಕಂಡುಹಿಡಿದವರು ಮಾತ್ರ ಕಾಕಾ ಒಬ್ಬರೇ.

ಈ ಹಗೆತನ ಹುಟ್ಟಿದ್ದು ಮುಂಬಯಿಯಲ್ಲಿ. ಸಿನಿಮಾ ಎಂದರೆ ಕಪ್ಪು-ಬಿಳುಪು ಎಂದೇ ಅರ್ಥವಿದ್ದ ಕಾಲದಲ್ಲಿ ಕಾಕಾ ಮನೆಯಲ್ಲಿ ಹೇಳದೆ ಕೇಳದೆ ಅಲ್ಲಿಗೆ ಹೋಗಿ, ಒಂದು ಸ್ಟುಡಿಯೋದಲ್ಲಿ ಕ್ಯಾಮೆರಾಮನ್ನರ ಸಹಾಯಕರಾದರು. ದೊಡ್ಡ ದೊಡ್ಡ ದೀಪ ಜೋಡಿಸಿ ಮುಖಕ್ಕೆ ಬೆಳಕು ಕೂಡಿಸುವುದು ಕ್ಯಾಮೆರಾಮನ್ನರ ಕೆಲಸ. ಲೆನ್ಸಿನಿಂದ ನಾಯಕಿಯ ಮೂಗಿನವರೆಗೆ ಟೇಪು ಹಿಡಿದು ಅಳೆದು, ಫೋಕಸ್ ಸರಿಮಾಡುವುದು ಕಾಕಾನದು. ಆ ದೀಪಗಳ ಕೆಳಗೆ ಯಾರಾದರೂ ಅಚ್ಚ ಬಿಳಿ ಬಟ್ಟೆ ತೊಟ್ಟು ನಿಂತರೆ ಬಟ್ಟೆ ಧಗ್ಗನೆ ಹೊಳೆದು, ಅಂದರೆ ಅವರ ಭಾಷೆಯಲ್ಲಿ 'ಹೊಡೆದು', ಮುಖವೇ ಮಂಕಾಗುತ್ತಿತ್ತಂತೆ. ಅದಕ್ಕೆ ಬಿಳಿ ಬಟ್ಟೆಗಳನ್ನು ಚಹಾದ ನೀರಿನಲ್ಲಿ ಅದ್ದಿ ಬಣ್ಣ ಕೆಡಿಸುತ್ತಿದ್ದರು. ಪರದೆಯ ಮೇಲೆ ಅವೇ ಹಾಲಿನ ಹಾಗೆ ಕಾಣುತ್ತಿದ್ದವು! ಮುಂದೆ ಸ್ಟುಡಿಯೋ ಮುಚ್ಚಿತು, ಸಿನಿಮಾಕ್ಕೆ ಬಣ್ಣ ಬಂತು, ಕಾಕಾ ಊರಿಗೆ ಮರಳಿ ಕಿರಾಣಿ ಅಂಗಡಿ ಇಟ್ಟರು. ಅಂಗಡಿಯಲ್ಲಿ ಚಹಾಪುಡಿಗೇನೂ ಬರವಿರಲಿಲ್ಲ. ಅದೇ ತಪ್ಪಾಯಿತು.

ನನ್ನ ತಮ್ಮನ ಮದುವೆ ಬಸವಕಲ್ಯಾಣದಲ್ಲಿತ್ತು. ಬೆಳಿಗ್ಗೆ ನೋಡಿದರೆ ವರನ ಹೊಸ ಧೋತರ ನಾಪತ್ತೆ! ಎಲ್ಲರೂ ಹುಡುಕಿ ಸುಸ್ತಾದ ಮೇಲೆ ಅದು ಸಿಕ್ಕಿದ್ದು ಎಲ್ಲಿ ಅಂತೀರಿ? ಅಡುಗೆಯವರ ಚಹಾದ ಹಂಡೆಯಲ್ಲಿ, ಯಾಲಕ್ಕಿಯ ಜೊತೆ ಈಜಾಡುತ್ತಿತ್ತು. ಪಕ್ಕದಲ್ಲಿ ಸೌಟು ಹಿಡಿದು ಕಾಕಾ ನಿಂತಿದ್ದರು. ಕಲ್ಯಾಣದ ಬಿಸಿಲಿಗೆ ಧೋತರ ಒಣಗುವುದೇನೂ ತಡವಾಗಲಿಲ್ಲ. ಬೀಗರ ಕಣ್ಣು ತಪ್ಪಿಸುವುದು ಮಾತ್ರ ಆಗಲಿಲ್ಲ.

"ಏನ್ರಿ ಇದು? ಮದುಮಗಗ ಹಳೇ ಧೋತ್ರ ಉಡಿಸೀರಿ?" ಎಂದು ಹುಡುಗಿಯ ತಂದೆ ಕೇಳಿಯೇಬಿಟ್ಟರು.

"ಬಿಲ್ಕುಲ್ ಹೊಸಾದ್ರಿ! ಫೋಟೋ ಬರ್ಲಿ ತಡೀರಿ, ಹಾಲಿನಂಗ ಕಾಣ್ತದ," ಎಂದರು ಕಾಕಾ.

ಫೋಟೋ ಬಂತು. ಬಣ್ಣದ ಫೋಟೋ! ಅದರಲ್ಲಿ ಧೋತರ ಚಹಾದ ಹಾಗೆಯೇ ಕಾಣುತ್ತಿತ್ತು. ಬೀಗರು ಪಾಪ, ದೊಡ್ಡ ಮನುಷ್ಯರು, ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. "ಅಳಿಯಂದ್ರು ಬಾಜೂಕ ಕುಂತ್ರ ಯಾಲಕ್ಕಿ ವಾಸನಿ ಬರ್ತದಲ್ರಿ, ಯಾವ ಸೆಂಟು?" ಎಂದಷ್ಟೇ ಕೇಳಿದರು.

ಮೊಬೈಲು ಬಂದ ಮೇಲಾದರೂ ಕಾಕಾ ಸುಮ್ಮನಾಗಬಹುದು ಎಂದುಕೊಂಡಿದ್ದೆವು. ಎಲ್ಲಿಯ ಮಾತು! ಯಾರಾದರೂ ಸೆಲ್ಫಿಗೆ ಕರೆದರೆ ಸಾಕು, ಪಕ್ಕದ ಟೇಲರ್ ಚಾಚಾನ ಅಂಗಡಿಗೆ ಹೋಗಿ ಟೇಪು ಕಿತ್ತುಕೊಂಡು ಬಂದು, ಫೋನಿನಿಂದ ಎಲ್ಲರ ಮೂಗಿಗೂ ಅಳತೆ ಹಿಡಿಯುತ್ತಾರೆ. ಅಷ್ಟರಲ್ಲಿ ನಗು ಹೋಗಿ ಆಕಳಿಕೆ ಬಂದಿರುತ್ತದೆ. "ಕಾಕಾ, ಟೇಪ್ ಕೊಡ್ರಿ, ಗಿರಾಕಿ ನಿಂತಾರ!" ಎಂದು ಚಾಚಾ ಕೂಗುತ್ತಲೇ ಇರುತ್ತಾರೆ. ನಮ್ಮ ಓಣಿಯಲ್ಲಿ ಕೆಲವರ ಪೈಜಾಮ ಮೊಣಕಾಲಿಗೇ ನಿಂತಿರುವುದಕ್ಕೆ ಇದೇ ಕಾರಣ ಎಂದು ನನ್ನ ಅನುಮಾನ.

ಇಂಥ ಕಾಕಾ ಹೋದ ವರ್ಷ ಇದ್ದಕ್ಕಿದ್ದಂತೆ ನಮ್ಮ ಬಟ್ಟೆ ಒಗೆಯುವ ಅಗಸನನ್ನು ಹೊಗಳತೊಡಗಿದರು. "ಈಗ ಬಂತು ನೋಡು ಅವನಿಗೆ ಅಕಲ್! ಅರಿವಿ ಎಲ್ಲಾ ಹದಕ್ಕ ಬರಾಕತ್ತಾವ. ಒಂದೂ ಹೊಡ್ಯಂಗಿಲ್ಲ!" ಮನೆಯ ಸುಣ್ಣದ ಗೋಡೆಯನ್ನೂ ಹೊಗಳಿದರು. ಕಾಕಿ, ಅಂದರೆ ಅವರ ಹೆಂಡತಿ, ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: "ಅರಿವಿ ಯಾರೂ ಅದ್ದಿಲ್ಲಪ್ಪಾ. ಅವರ ಕಣ್ಣಾಗ ಏನೋ ಆಗ್ಯದ."

ಆಗಿದ್ದು ಕಣ್ಣಿನ ಪೊರೆ. ಲೋಕವೆಲ್ಲ ಚಹಾದಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದರೆ, ಕಾಕಾ ಅದನ್ನು ಅಗಸನ ಲೆಕ್ಕಕ್ಕೆ ಹಾಕಿದ್ದರು! ಆದರೆ ಡಾಕ್ಟರು ನಗಲಿಲ್ಲ. ಕಾಕಾನ ಬಲಗಣ್ಣು ಎಂದೋ ಹೋಗಿತ್ತು, ಉಳಿದದ್ದು ಇದೊಂದೇ. ಆಪರೇಷನ್ ಮಾಡದಿದ್ದರೆ ಇದೂ ಹೋಗುತ್ತದೆ. ಮಾಡಿದರೂ ಈ ವಯಸ್ಸಿಗೆ, ಈ ಸಕ್ಕರೆ ಕಾಯಿಲೆಗೆ, ಖಾತ್ರಿ ಕೊಡುವುದು ಕಷ್ಟ ಎಂದರು.

"ಒಳಗ ಹೊಸ ಲೆನ್ಸ್ ಕೂಡಸ್ತೀವ್ರಿ," ಎಂದು ಡಾಕ್ಟರು ಹೇಳಿದ್ದೇ ತಡ, ಕಾಕಾ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

"ಯಾವ ಲೆನ್ಸ್ರಿ? ವೈಡ್ ಹಾಕಬ್ಯಾಡ್ರಿ ಮತ್ತ. ಎಲ್ಲಾರ ಮೂಗು ದೊಡ್ಡವಾಗಿ ಕಾಣ್ತಾವ. ನಮ್ಮ ಮನ್ಯಾಗ ಮೊದಲ ಮೂಗಿಗೇನು ಕಮ್ಮಿ ಇಲ್ಲ," ಎಂದು ನನ್ನ ಕಡೆ ನೋಡಿದರು. "ಮತ್ತ ಫೋಕಸ್ ಯಾರು ಹಿಡೀತಾರ?"

"ಯಾರೂ ಹಿಡ್ಯಾಂಗಿಲ್ರಿ. ಅದು ಒಂದ ಕಡಿ ಕೂತಿರ್ತದ."

"ಅಸಿಸ್ಟಂಟ್ ಇಲ್ಲದ ಕ್ಯಾಮೆರಾ! ನನಗ ಬ್ಯಾಡ," ಎಂದು ಎದ್ದು ಬಂದೇಬಿಟ್ಟರು. ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ.

ಒಪ್ಪಿಸಿದ್ದು ಮಂಠಾಳದ ಬಸ್ಸು. ಕಾಕಾ-ಕಾಕಿ ಅಲ್ಲಿಗೆ ಹೊರಟಿದ್ದರು. ಗದ್ದಲದಲ್ಲಿ ಕಾಕಿಯ ನಂತರ ಹತ್ತಿದ ಕಾಕಾ ಒಬ್ಬ ಹೆಂಗಸಿನ ಪಕ್ಕ ಕೂತು, ಮನೆಗೆ ಕೀಲಿ ಸರಿಯಾಗಿ ಹಾಕಲಿಲ್ಲವೆಂದು ಬೈಯಲು ಶುರುಮಾಡಿದರು. ಆಕೆ ಪಾಪ ಮರುಮಾತಾಡಲಿಲ್ಲ. ಅದೇ ಕಾಕಾನಿಗೆ ಸಂಶಯ ತಂದಿತು: ತನ್ನ ಹೆಂಡತಿ ಇಷ್ಟು ಹೊತ್ತು ಸುಮ್ಮನಿರುವುದುಂಟೇ? ಅಷ್ಟರಲ್ಲಿ ಹಿಂದಿನ ಸೀಟಿನಿಂದ ಕಾಕಿಯ ದನಿ ಬಂತು: "ಇಲ್ಲಿದ್ದೇನ್ರಿ ನಾನು. ಅಕಿನ್ನ ಬಿಡ್ರಿ!" ಇಡೀ ಬಸ್ಸು ನಕ್ಕಿತು. ಕಾಕಾ ನಗಲಿಲ್ಲ. ಮರುದಿನ ಬೆಳಿಗ್ಗೆ ತಾವಾಗಿಯೇ ಆಪರೇಷನ್ನಿಗೆ ಹೂಂ ಎಂದರು.

ಆಸ್ಪತ್ರೆಯಲ್ಲಿ ಸಿಸ್ಟರ್ ಕಣ್ಣಿಗೆ ಔಷಧಿ ಹಾಕಲು ಬಂದಾಗ ಕಾಕಾ ಕೈ ಅಡ್ಡ ಹಿಡಿದರು. "ಜರಾ ಠೈರ್ರಿ," ಎಂದು ಎದ್ದು, ಕಾಕಿಯನ್ನು ಕೈಹಿಡಿದು ಕಿಟಕಿಯ ಬಳಿ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು.

"ಸೆರಗು ಹಿಂದ ಸರಸು. ಗದ್ದ ಸ್ವಲ್ಪ ಎತ್ತು. ಹಾಂ, ಅಳ್ಳಾಡಬ್ಯಾಡ."

"ಏನ್ರಿ ಇದು ನಿಮ್ದು? ಮಂದಿ ಎಲ್ಲಾ ನೋಡಾಕತ್ತಾರ."

"ನೋಡ್ಲಿ. ನಾನೂ ನೋಡಾಕತ್ತೇನಿ."

ನನಗೆ ನಗು ತಡೆಯಲಾಗಲಿಲ್ಲ. "ಕಾಕಾ, ಕ್ಯಾಮೆರಾ ಎಲ್ಲದ? ನನ್ನ ಫೋನ್ ಕೊಡ್ಲೇನು?" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ಫೋಟೋ ಬ್ಯಾಡ. ಕಣ್ಣ ಹೋದ್ರ ಫೋಟೋ ಯಾರು ನೋಡವ್ರು?" ಎಂದರು.

ನಾನು ಫೋನನ್ನು ಕಿಸೆಗೆ ಹಾಕಿಕೊಂಡೆ. ಕಾಕಿಗೆ ನನಗಿಂತ ಮೊದಲೇ ತಿಳಿದಿತ್ತು. ಮಂದಿಯ ಎದುರು ಗಂಡನ ಸಮ ನಿಲ್ಲಲೂ ನಾಚುತ್ತಿದ್ದ ಆ ಮುದುಕಿ ಅಲ್ಲಾಡದೆ, ರೆಪ್ಪೆ ಬಡಿಯದೆ, ಅವರಿಗೆ ಮುಖ ಕೊಟ್ಟು ಕೂತರು. ಸಿಸ್ಟರ್ ಸೀಸೆ ಹಿಡಿದು ಹಾಗೆಯೇ ನಿಂತಿದ್ದರು.

"ಆತೇನ್ರಿ?" ಎಂದು ಕಾಕಿ ಬಹಳ ಹೊತ್ತಿನ ಮೇಲೆ ಕೇಳಿದರು.

"ಆತು," ಎಂದ ಕಾಕಾ ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದರು. "ಏಳಬ್ಯಾಡ, ಇನ್ನೊಮ್ಮೆ. ಈ ಸಲ ಜರಾ ನಗು."

ಕಣ್ಣ ತುಂಬ ನೀರು ಇಟ್ಟುಕೊಂಡು ಕಾಕಿ ನಕ್ಕರು.